ಹುಕ್ಕಿನ ಗುರುತಿಗೆ ಯಾವ ಸ್ವರ

ಕಡೂರಿನ ತಾಲ್ಲೂಕು ಕಚೇರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ. ಖಾತೆ ಬದಲಾವಣೆ, ಪಹಣಿ ತಿದ್ದುಪಡಿ, ವಂಶವೃಕ್ಷ ಎಂದು ಜನ ಬರುತ್ತಾರೆ. ಅವರು ಬಾಯಲ್ಲಿ ಹೇಳಿದ್ದನ್ನು ಬರವಣಿಗೆಯ ಕನ್ನಡಕ್ಕೆ ತಂದು ಟೈಪ್ ಮಾಡಿಕೊಡುವುದು ನನ್ನ ಕೆಲಸ. ಹೆಸರಿನಲ್ಲಿ ಒಂದು ದೀರ್ಘ ತಪ್ಪಿದರೆ ಒಬ್ಬ ಮನುಷ್ಯ ಆರು ತಿಂಗಳು ಅಲೆಯಬೇಕಾಗುತ್ತದೆ. ಹಾಗಾಗಿ ಕೊಂಬು, ದೀರ್ಘಗಳ ವಿಷಯದಲ್ಲಿ ನಾನು ಬಲು ಹುಷಾರು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಯಗಟಿ ಕಡೆಯಿಂದ ಸುಮಾರು ನಲವತ್ತರ ಹೆಂಗಸೊಬ್ಬರು ಪಹಣಿಯ ಕೆಲಸಕ್ಕೆ ಬಂದರು. ಅರ್ಜಿಯ ಪ್ರಿಂಟ್ ಕೈಗೆ ಕೊಟ್ಟ ಮೇಲೂ ಹೋಗದೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.

"ಅಕ್ಕಾ, ನೀವು ಅಜ್ಜಂಪುರದ ಸ್ಟೇಷನ್ ರಸ್ತೆ ವಠಾರದಲ್ಲಿದ್ದೋರಲ್ವಾ? ಪಕ್ಕದ ಮನೇಲಿ ಬಟ್ಟೆ ಹೊಲೀತಿದ್ರಲ್ಲ, ಅವರ ಮಗಳು ನಾನು."

ನಾನು ಎದ್ದು ನಿಂತೆ. ನಾವು ಆ ಊರು ಬಿಡುವಾಗ ಇವಳು ಏಳು ವರ್ಷದವಳು, ಚಡ್ಡಿಗೆ ಪಿನ್ ಹಾಕಿಕೊಂಡು ಓಡಾಡುತ್ತಿದ್ದಳು. ಅವಳು ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಉದ್ದನೆಯ ಪುಸ್ತಕವೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು.

"ಹೊಲಿಗೆ ಮಿಷಿನ್ ಕೊಟ್ಟುಬಿಡಾಣ ಅಂತ ಡ್ರಾ ಖಾಲಿ ಮಾಡ್ತಿದ್ವಿ, ಆಗ ಸಿಕ್ತು. 'ಇದು ಆ ಹುಡುಗೀದು, ಅವಳ ತಂಗಿ ಕಡೂರಲ್ಲೆಲ್ಲೋ ಇದಾಳಂತೆ, ಹುಡುಕಿ ಕೊಡು' ಅಂದ್ರು ಅಮ್ಮ."

ಅದು ಅಳತೆ ಪುಸ್ತಕ. ಮುಂದಿನ ಹಾಳೆಗಳಲ್ಲಿ ಯಾರ್ಯಾರದೋ ಎದೆಯ ಸುತ್ತಳತೆ, ತೋಳಿನ ಉದ್ದ. ಅವಳು ಹೋದ ಮೇಲೆ ತಿರುವಿ ಹಿಂದಿನಿಂದ ತೆರೆದೆ. ನನ್ನ ಅಕ್ಕನ ಕೈಬರಹ. ಮೂವತ್ತಮೂರು ವರ್ಷಗಳ ಮೇಲೆ ಅದನ್ನು ನೋಡಿದ್ದು. ಮೊದಲ ಸಾಲು ಮಾತ್ರ ಎಲ್ಲರ ಕನ್ನಡದಲ್ಲಿತ್ತು: "ಇದು ಹೊಸದು. ಹಳೇ ದನಿಗಳು ಅವರಿಗೇ ಇರಲಿ."

ಆ ಸಾಲು ಓದಿ ನಾನು ಶಟರ್ ಅರ್ಧ ಎಳೆದು ಒಳಗೆ ಕುಳಿತೆ. ಹೊರಗೆ ಯಾರೋ "ಮೇಡಂ, ಜೆರಾಕ್ಸ್" ಎಂದು ತಟ್ಟಿದರು. ಶಟರನ್ನು ಪೂರ್ತಿ ಕೆಳಗೆಳೆದೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಅವಳ ಎದೆಯ ಕವಾಟ ಕೆಟ್ಟಿತ್ತು. ಓಡುವ ಹಾಗಿಲ್ಲ, ನೀರು ಹೊರುವ ಹಾಗಿಲ್ಲ. ಕುಳಿತಲ್ಲೇ ಆಡುವ ಆಟಗಳನ್ನು ಅವಳೇ ಕಟ್ಟಬೇಕಿತ್ತು. ಆಗ ಮಕ್ಕಳೆಲ್ಲ ಪ್ರತಿ ಅಕ್ಷರಕ್ಕೂ ಒಂದು 'ಕ' ಸೇರಿಸಿ ಗುಟ್ಟಿನ ಮಾತಾಡುತ್ತಿದ್ದರು. ಅಕ್ಕನಿಗೆ ಅದು ತಮಾಷೆ. "ಅದು ಭಾಷೆಯೇನೇ? ಕನ್ನಡಕ್ಕೆ ಬಿಕ್ಕಳಿಕೆ ಬಂದಂಗಿದೆ" ಅನ್ನುತ್ತಿದ್ದಳು. ಅವಳು ನಿಜವಾದ ಭಾಷೆಯನ್ನೇ ಕಟ್ಟಿದಳು. ನಮ್ಮ ಮನೆಯ ಅಟ್ಟದ ಮೇಲೆ, ಹುಣಸೆಹಣ್ಣಿನ ಮಡಕೆಗಳ ನಡುವೆ ಕುಳಿತು ಕಟ್ಟಿದ್ದರಿಂದ ನಾವು ಅದನ್ನು ಅಟ್ಟದ ಮಾತು ಎಂದು ಕರೆದೆವು.

ಅಟ್ಟದ ಮಾತಿನಲ್ಲಿ ಪ್ರತಿ ಪದಕ್ಕೂ ಎರಡೇ ವ್ಯಂಜನ. ಸ-ನ ಅಂದರೆ ಬರುವುದು. ಹ-ವ ಅಂದರೆ ಉಸಿರು. ಸ್ವರ ಹಾಕಿದಾಗಲೇ ಅದಕ್ಕೆ ಜೀವ. ಆ ಹಾಕಿದರೆ ಇದೆ, ಆಯಿತು ಎಂದು: ಸಾನಾ, ಬಂದಳು. ಈ ಹಾಕಿದರೆ ಇಲ್ಲ, ಬೇಡ: ಸೀನೀ, ಬರಬೇಡ. ಊ ಹಾಕಿದರೆ ಕೇಳಿಕೊಳ್ಳುವುದು: ಸೂನೂ, ಬಾ. ಓ ಹಾಕಿದರೆ ಪ್ರಶ್ನೆ. ಐದನೆಯ ಸ್ವರ ಕನ್ನಡದಲ್ಲಿ ಇಲ್ಲ. "ನಾಲಿಗೇಲಿ ಈ ಅನ್ನು, ತುಟೀಲಿ ಊ ಅನ್ನು" ಎಂದು ಅಕ್ಕ ನನ್ನ ಕೆನ್ನೆ ಹಿಂಡಿ ಕಲಿಸಿದ್ದಳು. ಆ ಸ್ವರ ಹಾಕಿ ಹೇಳಿದ್ದು ನಮ್ಮಿಬ್ಬರ ನಡುವೆಯೇ ಇರಬೇಕು. ನನಗಾಗ ಒಂಬತ್ತು ವರ್ಷ. ಎರಡು ವರ್ಷ ನಾವು ಅಪ್ಪ ಅಮ್ಮನ ಎದುರಿಗೇ ಅದರಲ್ಲಿ ಮಾತಾಡಿಕೊಂಡು ನಗುತ್ತಿದ್ದೆವು.

ಆಮೇಲೆ ನಾನು ಅದನ್ನು ಹೊರಗೆ ಹಾಕಿದೆ. ನನ್ನ ತರಗತಿಯಲ್ಲಿ ಒಂದು ಗುಂಪಿತ್ತು. ಅದರಲ್ಲಿ ಸೇರಿಸಿಕೊಳ್ಳಲಿ ಎಂಬ ಆಸೆಗೆ ಅಟ್ಟದ ಮಾತನ್ನು ಅವರಿಗೆ ಕಲಿಸಿದೆ. ಐದನೆಯ ಸ್ವರ ಬಿಟ್ಟು ಉಳಿದದ್ದೆಲ್ಲ. ಹದಿನೈದು ದಿನದಲ್ಲಿ ಶಾಲೆಯ ಅರ್ಧ ಹುಡುಗಿಯರಿಗೆ ಅದು ಬರುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಶಾಲೆಯ ಮೆಟ್ಟಿಲು ಹತ್ತಿ, ನಡುವೆ ನಿಂತು, ಕಂಬ ಹಿಡಿದು ಉಸಿರೆಳೆದುಕೊಳ್ಳುತ್ತಿದ್ದಳು. ಹಿಂದಿನಿಂದ ಒಬ್ಬಳು "ಹೀವೀ" ಎಂದಳು. ಉಸಿರಿಲ್ಲ. ಮತ್ತೊಬ್ಬಳು ಅಂದಳು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ, "ಹೀವೀ, ಹೀವೀ." ನಾನು ಆ ಗುಂಪಿನಲ್ಲೇ ಇದ್ದೆ. ಪಕ್ಕದವಳು ಮೊಣಕೈಯಲ್ಲಿ ತಿವಿದಳು. ನಾನೂ ಕೂಗಿದೆ. ಒಂದು ಸಲ.

ಅಕ್ಕ ತಿರುಗಿ ನೋಡಿದಳು. ಬಿಸಿಲು ಅವಳ ಕಣ್ಣಿಗೆ ಹೊಡೆಯುತ್ತಿತ್ತು. ನನ್ನನ್ನು ಕಂಡಳೋ ಇಲ್ಲವೋ ತಿಳಿಯಲಿಲ್ಲ.

ಮನೆಗೆ ಬಂದು ಅವಳು ಬೈಯಲಿಲ್ಲ, ಅಮ್ಮನಿಗೆ ದೂರು ಹೇಳಲಿಲ್ಲ. ಸಂಜೆ ನಾನು ಹೆದರಿಕೆಯಿಂದಲೇ ಅಟ್ಟದ ಮಾತಿನಲ್ಲಿ ಏನೋ ಕೇಳಿದೆ. ಅವಳು ಕನ್ನಡದಲ್ಲಿ "ಕೈ ತೊಳ್ಕೊಂಡು ಊಟಕ್ಕೆ ಬಾ" ಅಂದಳು. ಅಂದಿನಿಂದ ನನ್ನೊಡನೆ ಅವಳು ಆ ಭಾಷೆ ಆಡಲಿಲ್ಲ. ಸಮಾಧಾನ ಆದ ಮೇಲೆ ತಪ್ಪಾಯಿತು ಅನ್ನೋಣ ಎಂದು ನಾನು ದಿನ ಮುಂದೂಡಿದೆ. ಎರಡು ತಿಂಗಳಿಗೆ ಅವಳ ಕಾಲು ಬಾತುಕೊಂಡು ಶಾಲೆ ಬಿಡಬೇಕಾಯಿತು. ಅಟ್ಟದ ಕೆಳಗಿನ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿದರು.

ಅಪ್ಪ ಸೊಸೈಟಿಯಲ್ಲಿ ಗುಮಾಸ್ತ, ಅಮ್ಮ ಪಕ್ಕದ ಹಳ್ಳಿಯ ಶಾಲೆಯಲ್ಲಿ ಟೀಚರು. ಹಗಲೆಲ್ಲ ಅಕ್ಕನ ಬಳಿ ಕುಳಿತುಕೊಳ್ಳುತ್ತಿದ್ದವರು ಪಕ್ಕದ ಮನೆಯ ಟೈಲರು ಹೆಂಗಸು. ನಾವು ಅವರನ್ನು ಅತ್ತೆ ಎನ್ನುತ್ತಿದ್ದೆವು. ಬೆಳಗ್ಗೆ ಮಿಷಿನ್ ಕೆಲಸ ಮುಗಿಸಿಕೊಂಡು, ಮಧ್ಯಾಹ್ನ ಹುಕ್ಕು, ಕಾಜಾ ಹಾಕುವ ಕೈಹೊಲಿಗೆಯನ್ನು ತಂದು ಮಂಚದ ಪಕ್ಕ ಕೂರುತ್ತಿದ್ದರು. ನಾನು ನಾಲ್ಕೂವರೆಗೆ ಶಾಲೆಯಿಂದ ಬಂದವಳು ಅಕ್ಕನ ಕೋಣೆಗೆ ಹೋಗುತ್ತಿರಲಿಲ್ಲ. ಚೀಲ ಎಸೆದು ಸೀದಾ ಏಣಿ ಹತ್ತಿ ಅಟ್ಟಕ್ಕೆ ಹೋಗಿ ಮಲಗಿಬಿಡುತ್ತಿದ್ದೆ. ಅವಳ ಮುಖ ನೋಡಲು ನನಗೆ ಭಯ. ಉಬ್ಬಿದ ಕಣ್ಣು, ನೀಲಿ ತುಟಿ. ಅದಕ್ಕಿಂತ ಹೆಚ್ಚಾಗಿ, ಅವಳು ಆ ಬೆಳಗಿನ ಮಾತು ಎತ್ತಿದರೆ ಏನು ಹೇಳುವುದು ಎಂಬ ಭಯ.

ಕೊನೆಯ ಒಂದು ತಿಂಗಳು, ನಾನು ಅಟ್ಟ ಹತ್ತಿ ಮಲಗಿದ ಸ್ವಲ್ಪ ಹೊತ್ತಿಗೆ, ಹಲಗೆಗಳ ಕೆಳಗಿನಿಂದ ಅವಳ ದನಿ ಬರುತ್ತಿತ್ತು. ಜೋರಾಗಿ ಕೂಗಲು ಅವಳಿಗೆ ಉಸಿರಿರಲಿಲ್ಲ. ನಿಧಾನವಾಗಿ, ಬಿಟ್ಟು ಬಿಟ್ಟು. ಸೀನೀ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಸೀನೀ.

ಬರಬೇಡ.

ನಾನು ಹೋಗಲಿಲ್ಲ. ಅವಳೇ ಬೇಡ ಅಂದಳಲ್ಲ ಎಂಬ ಸಿಟ್ಟೂ ಇತ್ತು, ಹೋಗುವುದು ತಪ್ಪಿತಲ್ಲ ಎಂಬ ನೆಮ್ಮದಿಯೂ ಇತ್ತು. ಒಂದು ದಿನ ಅವಳನ್ನು ತರೀಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರನೆಯ ದಿನ ಬೆಳಿಗ್ಗೆ ನಾನು ಗಣಿತದ ಪರೀಕ್ಷೆ ಬರೆಯುತ್ತಿದ್ದಾಗ ಶಾಲೆಗೆ ಆಳು ಬಂದ.

ಮೂವತ್ತಮೂರು ವರ್ಷ ಆ ಸದ್ದು ನನ್ನನ್ನು ಬಿಟ್ಟಿಲ್ಲ. ಊರಿಗೆ ನಾಲ್ಕು ಜನರಿಗಿರುವ ಒಂದು ಹೆಸರನ್ನು ನಮ್ಮ ಕಡೆ ಮೊಟಕು ಮಾಡಿ ಕರೆದರೆ ಇದೇ ಸದ್ದು ಬರುತ್ತದೆ. ಕಡೂರಿನ ಸಂತೆಯಲ್ಲಿ ಯಾರೋ "ಲೇ ಸೀನೀ" ಎಂದು ಗೆಳೆಯನನ್ನು ಕೂಗುತ್ತಾರೆ, ನನ್ನ ಕೈಯಲ್ಲಿರುವ ಟೊಮೆಟೊ ಚೀಲ ಜಾರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಮನೆಯವರು "ಯಾಕೆ ಹಂಗೆ ಬೆಚ್ಚಿ ಬೀಳ್ತೀಯ?" ಎಂದು ಕೇಳುತ್ತಿದ್ದರು. ಏನೋ ಒಂದು ಹೇಳುತ್ತಿದ್ದೆ. ಈಗ ಅವರು ಕೇಳುವುದಿಲ್ಲ. ಅಪ್ಪ ಅಮ್ಮನಿಗೂ ನಾನು ಹೇಳಲಿಲ್ಲ, ಈಗ ಇಬ್ಬರೂ ಇಲ್ಲ. ಸಾಯುವವಳು ನನ್ನನ್ನು ಹತ್ತಿರ ಬರಬೇಡ ಅಂದಳು ಎಂಬುದನ್ನು ಯಾರಿಗೆಂದು ಹೇಳುವುದು?

ಈಗ ಈ ಪುಸ್ತಕ ಹೇಳುತ್ತಿತ್ತು: ಹಳೇ ದನಿಗಳು ಅವರಿಗೇ ಇರಲಿ. ಅವಳು ಸ್ವರಗಳನ್ನು ಬದಲಾಯಿಸಿದ್ದಳು. ಹಾಗಾದರೆ ನಾನು ಅಟ್ಟದ ಮೇಲೆ ಮಲಗಿ ಕೇಳಿದ ಈ, ನಾನು ಬಲ್ಲ ಈ ಆಗಿರಬೇಕಿಲ್ಲ.

ವ್ಯಂಜನಗಳು ಹಳೆಯವೇ, ಕನ್ನಡ ಅಕ್ಷರಗಳೇ. ಸ್ವರದ ಜಾಗದಲ್ಲಿ ಪ್ರತಿ ಅಕ್ಷರದ ನೆತ್ತಿಯ ಮೇಲೂ ಒಂದು ಪುಟ್ಟ ಚಿತ್ರ ಬರೆದಿದ್ದಳು. ಒಂದು ನಿಂತ ಗೆರೆ, ತುದಿಯಲ್ಲಿ ತೂತು: ಸೂಜಿ. ಅಡ್ಡಡ್ಡ ಎರಡು ಗೆರೆ: ಕತ್ತರಿ. ಸೊನ್ನೆಯೊಳಗೆ ಎರಡು ಚುಕ್ಕೆ: ಗುಂಡಿ. ಬಾಗಿದ್ದು ಹುಕ್ಕು. ಕಣ್ಣಿನ ಹಾಗಿದ್ದದ್ದು ಕಾಜಾ, ಗುಂಡಿ ತೂರುವ ತೂತು. ಮಂಚದ ಮೇಲೆ ಮಲಗಿ ಅವಳು ನೋಡುತ್ತಿದ್ದದ್ದು ಅಷ್ಟನ್ನೇ ತಾನೆ.

ಗುರುತುಗಳ ಅರ್ಥ ಹಿಡಿಯುವುದು ಕಷ್ಟವಾಗಲಿಲ್ಲ. ಅಂಗಡಿ ಮುಚ್ಚಿದ ಮೇಲೆ ದಿನಾ ಒಂದು ಗಂಟೆ ಕುಳಿತೆ. ಅದು ದಿನಚರಿಯಂತಿತ್ತು. ಜ್ವರದ ಪದದ ಮುಂದೆ ಥರ್ಮಾಮೀಟರಿನ ಅಂಕಿ. ಅಂಕಿ ಕಡಿಮೆಯಿದ್ದ ದಿನ ಕತ್ತರಿ, ಹೆಚ್ಚಿದ್ದ ದಿನ ಸೂಜಿ. ಹಾಗಾಗಿ ಕತ್ತರಿ ಎಂದರೆ ಇಲ್ಲ, ಸೂಜಿ ಎಂದರೆ ಇದೆ. ನೀರಿನ ಪದದ ಮೇಲೆ ಹುಕ್ಕು: ನೀರು ಕೊಡು. ಗುಂಡಿ ಪ್ರಶ್ನೆಗೆ. ಎರಡನೆಯ ಪುಟದ ಒಂದು ಪದ ಬಿಟ್ಟರೆ ಕಾಜಾ ಒಂದೇ ಪುಟದಲ್ಲಿತ್ತು. ಅದು ನಮ್ಮಿಬ್ಬರ ಸ್ವರ ಇರಬೇಕು ಎಂದುಕೊಂಡು ಆ ಪುಟವನ್ನು ಕೊನೆಗಿಟ್ಟುಕೊಂಡೆ.

ಬರುವುದು ಎಂಬ ಪದ ಸ-ನ ಹತ್ತಾರು ಕಡೆ ಇತ್ತು. ಕೆಲವು ಕಡೆ ಹುಕ್ಕು ಹಾಕಿ: ಬಾ. ಕೆಲವು ಕಡೆ ಕತ್ತರಿ ಹಾಕಿ: ಬರಬೇಡ, ಇಲ್ಲವೇ ಬರಲಿಲ್ಲ. ಯಾರು ಎಂದು ಬರೆದಿರಲಿಲ್ಲ. ಅಂದರೆ ಅವಳ ಬಾಯಲ್ಲಿ ಎರಡೂ ಇದ್ದವು. ನನ್ನ ಕಿವಿಗೆ ಬಿದ್ದದ್ದು ಯಾವುದು? ಕತ್ತರಿಯನ್ನು ಅವಳು ಹೇಗೆ ಉಚ್ಚರಿಸುತ್ತಿದ್ದಳು, ಹುಕ್ಕನ್ನು ಹೇಗೆ ಉಚ್ಚರಿಸುತ್ತಿದ್ದಳು ಎಂದು ಗೊತ್ತಾಗದೆ ಅದು ತಿಳಿಯುವ ಹಾಗಿರಲಿಲ್ಲ. ಕಾಗದ ಮಾತಾಡುವುದಿಲ್ಲವಲ್ಲ.

ಊರುಗಳ ಹೆಸರು ನೆನಪಾಯಿತು. ಅಕ್ಕನನ್ನು ಎಕ್ಸ್‌ರೇಗೆಂದು ಕಡೂರಿಗೆ ಒಮ್ಮೆ ಕರೆದುಕೊಂಡು ಹೋಗಿದ್ದರು. ಊರಿನ ಹೆಸರನ್ನು ಅವಳೂ ಇದ್ದ ಹಾಗೆಯೇ ಬರೆಯಬೇಕಲ್ಲ. ಹುಡುಕಿದೆ. ಕ-ಡ-ರ ಸಿಕ್ಕಿತು. ಡಕಾರದ ಮೇಲೆ ಗುಂಡಿ. ಡೂ! ಗುಂಡಿ ಎಂದರೆ ಊ. ಹಳೆಯದರಲ್ಲಿ ಪ್ರಶ್ನೆಗೆ ಓ ಇತ್ತು, ಹೊಸದರಲ್ಲಿ ಊ. ಸ್ವರಗಳು ನಿಜವಾಗಿಯೂ ಜಾಗ ಬದಲಾಯಿಸಿದ್ದವು. ಹಾಗಾದರೆ ತರೀಕೆರೆ? ಅಲ್ಲಿನ ಡಾಕ್ಟರ ಬಳಿಗೆ ಅವಳು ಐದಾರು ಸಲ ಹೋಗಿದ್ದಳು. ಆ ರೀಕಾರದ ಮೇಲೆ ಯಾವ ಗುರುತಿದೆಯೋ ಅದೇ ಈ.

ನಾಲ್ಕು ಕಡೆ ತರೀಕೆರೆ ಇತ್ತು. ನಾಲ್ಕು ಕಡೆಯೂ ರಕಾರದ ಮೇಲೆ ಏನೂ ಇರಲಿಲ್ಲ. ಬೋರ್ಡಿನ ಮೇಲೆ ತರೀಕೆರೆ ಎಂದಿದ್ದರೂ ನಮ್ಮ ಮನೆಯಲ್ಲಿ ಎಲ್ಲರೂ ತರ್ಕೆರೆ ಎನ್ನುತ್ತಿದ್ದೆವು. ಅಕ್ಕ ಕಿವಿಗೆ ಕೇಳಿದ ಹಾಗೆ ಬರೆದಿದ್ದಳು. ಒಂದು ದೀರ್ಘವನ್ನು ನುಂಗಿಬಿಟ್ಟ ನಮ್ಮ ನಾಲಿಗೆಯನ್ನು ನಾನು ಅವತ್ತು ಬೈದುಕೊಂಡಷ್ಟು ಯಾವತ್ತೂ ಬೈದುಕೊಂಡಿರಲಿಲ್ಲ.

ಪುಸ್ತಕದ ಎರಡನೆಯ ಪುಟದಲ್ಲಿ ಐದು ಪದಗಳ ಒಂದು ಸಾಲಿತ್ತು. ಪ-ರ, ಕ-ಡ, ಮ-ಲ, ತ-ಗ, ನ-ವ. ಕ್ರಮವಾಗಿ ಸೂಜಿ, ಕತ್ತರಿ, ಗುಂಡಿ, ಹುಕ್ಕು, ಕಾಜಾ. ಹಳೆಯ ಭಾಷೆಯಲ್ಲಿ ಈ ಪದಗಳೇ ಇರಲಿಲ್ಲ. ಪಕ್ಕದಲ್ಲಿ ಕನ್ನಡದಲ್ಲಿ ಚಿಕ್ಕದಾಗಿ 'ಅತ್ತೆಗೆ' ಎಂದು ಬರೆದಿದ್ದಳು. ಅವಳು ಇದನ್ನು ಅತ್ತೆಗೆ ಬಾಯಿಪಾಠ ಮಾಡಿಸಿದ್ದಳೇ? ಆ ದನಿಗಳನ್ನು ಕೇಳಿದ ಇನ್ನೊಂದು ಕಿವಿ ಈ ಭೂಮಿಯ ಮೇಲಿದೆ ಎಂದು ಹೊಳೆದದ್ದು ಆಗ.

ಎರಡನೆಯ ಶನಿವಾರ ಕಚೇರಿಗೆ ರಜೆ, ನನಗೂ ಕೆಲಸ ಕಡಿಮೆ. ಯಗಟಿಗೆ ಬಸ್ ಹತ್ತಿದೆ. ಬಸ್ಸಿನಲ್ಲಿ ನನಗಿದ್ದ ಆಸೆ ಏನೆಂದು ಈಗಲೂ ಖಚಿತವಾಗಿ ಹೇಳಲಾರೆ. ಬರಬೇಡ ಎಂದಿದ್ದರೆ ನನ್ನ ನೋವು ಹಳೆಯದು, ಅದರೊಡನೆ ಬದುಕುವುದು ಅಭ್ಯಾಸವಾಗಿದೆ. ಬಾ ಎಂದಿದ್ದರೆ? ಹಿಂದಕ್ಕೆ ಹೋಗಿಬಿಡೋಣ ಎಂದು ಎರಡು ಸಲ ಅನ್ನಿಸಿತು.

ಅತ್ತೆ ಜಗಲಿಯ ಮೇಲೆ ಕುಳಿತಿದ್ದರು. ಎಂಬತ್ತರ ಹತ್ತಿರ ಬಂದಿದ್ದರು. ಕೆಳಗಿನ ಹಲ್ಲು ಒಂದೂ ಇರಲಿಲ್ಲ.

"ಬಾ ಮಗಾ, ಬಾ. ನಿಮ್ಮಮ್ಮನ ಮಖನೇ ಕಣೇ ನಿಂದು" ಎಂದು ಕೈ ಹಿಡಿದು ಕೂರಿಸಿಕೊಂಡರು. ಮಗಳು ಕಾಫಿ ತಂದಿಟ್ಟಳು. ಅಮ್ಮ ಹೋದದ್ದು, ವಠಾರ ಕೆಡವಿ ಅಂಗಡಿಗಳನ್ನು ಕಟ್ಟಿದ್ದು, ಎಲ್ಲ ಮಾತಾಡಿದೆವು. ಆಮೇಲೆ ಪುಸ್ತಕ ತೆಗೆದೆ.

"ಅತ್ತೆ, ಅಕ್ಕ ನಿಮಗೆ ಏನೋ ಐದು ಮಾತು ಕಲಿಸಿದ್ದಳಾ?"

ಅವರು ಬೊಚ್ಚು ಬಾಯಿ ತೆರೆದು ನಕ್ಕರು. "ಅಯ್ಯೋ, ಹುಕ್ಕಿನ ಮಗ್ಗಿ! ರವಿಕೆಗೆ ಐದು ಹುಕ್ಕು. ನಾನು ಒಂದೊಂದು ಹುಕ್ಕು ಹಾಕ್ದಂಗೂ ಅವಳೊಂದೊಂದು ಹೇಳೋಳು, ನಾನೂ ಹೇಳ್ಬೇಕು. ತಪ್ಪಿದ್ರೆ ಮತ್ತೆ ಮೊದ್ಲಿಂದ."

"ಈಗ ಹೇಳ್ತೀರಾ?"

"ಎಲ್ಲಿ ಬತ್ತದೆ ಮಗಾ, ಎಲ್ಲ ಮರ್ತೋಗದೆ."

ಅವರ ಮಗಳೇ ಒಳಗಿನಿಂದ ಹಳೆಯ ರವಿಕೆಯೊಂದನ್ನೂ ಸೂಜಿ ದಾರವನ್ನೂ ತಂದು ತೊಡೆಯ ಮೇಲಿಟ್ಟಳು. ಅತ್ತೆ ಸೂಜಿಯನ್ನು ಬೆರಳಲ್ಲಿ ಹಿಡಿದು, ದಾರ ಪೋಣಿಸಲು ಮಗಳಿಗೆ ಕೊಟ್ಟು, ರವಿಕೆಯ ಮೇಲಿನ ಅಂಚನ್ನು ಹೆಬ್ಬೆರಳಲ್ಲಿ ಸವರಿದರು. ಮೊದಲ ಹೊಲಿಗೆ ಹಾಕಿ ದಾರ ಎಳೆಯುವಾಗ ಬಾಯಿ ತಾನಾಗಿ ತೆರೆಯಿತು.

"ಪ್ವಾರ್ವಾ."

ಬೆರಳು ಕೆಳಗೆ ಸರಿಯಿತು. "ಕಾಡಾ." ಮತ್ತೆ ಕೆಳಗೆ. "ಮೂಲೂ." ಮೂಲೂ, ಗುಂಡಿ, ಊ. ಕಡೂರು ಹೇಳಿದ್ದು ಸರಿ. ಮುಂದಿನದು ಹುಕ್ಕು.

"ತೀಗೀ."

ಐದನೆಯದಕ್ಕೆ ಅವರು ತುಟಿ ಚೂಪು ಮಾಡಿ, ಏನೋ ಒಂದು ದನಿ ತೆಗೆದು, ನಕ್ಕುಬಿಟ್ಟರು. "ಇದೊಂದು ಬರ್ತಿರ್ಲಿಲ್ಲ ಕಣೇ ನಂಗೆ. ನನ್ನ ತುಟಿ ಹಿಡ್ಕಂಡು ಹಿಂಡೋಳು."

ನನ್ನ ಕೆನ್ನೆ ಹಿಂಡುತ್ತಿದ್ದ ಬೆರಳುಗಳು ಅವು. ಆದರೆ ಅಳಲು ಹೊತ್ತಿರಲಿಲ್ಲ. ಇಪ್ಪತ್ತು ವರ್ಷ ಅರ್ಜಿ ಬರೆದ ಬುದ್ಧಿ ನನ್ನದು, ಒಂದು ಸಲ ಕೇಳಿ ನಂಬುವುದಿಲ್ಲ. ಪ್ವಾರ್ವಾ ಎಂದರಲ್ಲ, ಅದು ಓ ಇರಬಹುದೇ, ಆ ಇರಬಹುದೇ? "ಅತ್ತೆ, ತೋಟ ಅನ್ನಿ" ಎಂದೆ. "ತ್ವಾಟ" ಎಂದರು. "ಮೋರೆ?" "ಮ್ವಾರೆ." ಅವರ ಬಾಯಲ್ಲಿ ಓ ಬಂದಲ್ಲೆಲ್ಲ ವಾ ಆಗುತ್ತಿತ್ತು. ಅಕ್ಕ ಹೇಳಿಕೊಟ್ಟದ್ದು ಪೋರೋ. ಕಾಡಾ ಶುದ್ಧ ಆ. ಅಂದರೆ ಕತ್ತರಿ, ಇಲ್ಲ ಎನ್ನುವ ಗುರುತು, ಹೊಸ ಭಾಷೆಯಲ್ಲಿ ಆ. ಬರಬೇಡ ಎನ್ನಲು ಅವಳು ಸಾನಾ ಎನ್ನಬೇಕಿತ್ತು. ಈ ಎಂದರೆ ಹುಕ್ಕು, ಕೇಳಿಕೊಳ್ಳುವ ಗುರುತು.

ಹಲಗೆಗಳ ಮೇಲೆ ನನಗೆ ಕೇಳಿಸಿದ್ದು ಐದನೆಯ ಸ್ವರವಾಗಿದ್ದರೆ? ಅದೂ ದೂರದಿಂದ ಈ ಹಾಗೆ ಕೇಳಬಹುದು. ಅತ್ತೆಯಿಂದ ಮತ್ತೆರಡು ಸಲ ಹೇಳಿಸಿದೆ. ಪ್ರತಿ ಸಲವೂ ಅದೇ ಕ್ರಮ. ನಾಲ್ಕನೆಯ ಹುಕ್ಕಿಗೆ ತುಟಿಗಳು ಅಗಲವಾಗಿ ಹಿಂದಕ್ಕೆ ಸರಿಯುತ್ತಿದ್ದವು, ಐದನೆಯದಕ್ಕೆ ಮುಂದಕ್ಕೆ ಬರುತ್ತಿದ್ದವು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಕೇಳದೆ ಬಸ್ ಹತ್ತಿಬಿಡಬಹುದಿತ್ತು.

"ಅತ್ತೆ, ಅಕ್ಕ ಸಂಜೆ ಹೊತ್ತು ಏನೋ ಕೂಗುತ್ತಿದ್ದಳಲ್ಲ. ಸೀನೀ ಅಂತ."

ಸೂಜಿ ನಿಂತಿತು. ಅವರು ನನ್ನ ಮುಖ ನೋಡಲಿಲ್ಲ, ರವಿಕೆಯನ್ನೇ ನೋಡುತ್ತಿದ್ದರು.

"ಹೂಂ, ಕೂಗೋಳು. ಮೊದ್ಲು ಎರಡ್ಮೂರು ದಿನ ನನ್ನೇ ಕರೀತಾಳೆ ಅಂದ್ಕಂಡು ಒಲೆ ಬಿಟ್ಟು ಓಡೋಗಿದ್ದೆ. 'ನಿಮ್ಮನ್ನಲ್ಲ ಅತ್ತೆ' ಅನ್ನೋಳು. ಕಣ್ಣು ಮ್ಯಾಲ್ಮಾಡಿ ಅಟ್ಟ ತೋರ್ಸೋಳು. ನೀನು ಮಗ್ಗುಲಾದ್ರೆ ಹಲಗೆ ಸಂದೀಲಿ ಮಣ್ಣು ಉದುರ್ತಿತ್ತಲ್ಲ ಮಗಾ, ಅವಳ ಹೊದಿಕೆ ಮ್ಯಾಲೆ. 'ಮೇಲವಳೆ, ನೋಡಿ' ಅನ್ನೋಳು."

"ನೀವು ಯಾಕೆ ನನಗೆ ಹೇಳಲಿಲ್ಲ?"

"ಹೇಳ್ತೀನಿ ತಡಿ, ಕರ್ಕಂಬತ್ತೀನಿ ಅಂದೆ. ಬ್ಯಾಡ ಅಂದ್ಲು. 'ಅವಳೇ ಕಂಡ್ಹಿಡೀತಾಳೆ ಅತ್ತೆ, ಅವಳು ಚೂಟಿ' ಅಂದ್ಲು. ಆಟ ಆಡ್ತವೆ ಮಕ್ಳು ಅಂದ್ಕಂಡೆ ಕಣೇ ನಾನು. ಅವಳು ಇಷ್ಟು ಬೇಗ ಹೋಗ್ಬಿಡ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

ಅವರ ಮಗಳು ಎದ್ದು ಒಳಗೆ ಹೋದಳು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಕಡೂರಿಗೆ ಬಂದು ಮಾರನೆಯ ದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಪುಸ್ತಕವನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಸ್ವರಗಳು ಕೂಡಿಕೊಂಡಾಗ ಅದು ಅಕ್ಕನ ಮಾತೇ ಆಗಿಬಿಟ್ಟಿತು. ಓದುತ್ತಿರುವುದು ನಾನೇ ಎಂಬುದು ಒಂದೆರಡು ಕಡೆ ಮರೆತೇಹೋಯಿತು. ದಿನದ ಕೊನೆಯಲ್ಲಿ ಹುಕ್ಕು ಹಾಕಿದ ಸ-ನ, ಅದರ ಕೆಳಗೇ ಕತ್ತರಿ ಹಾಕಿದ ಸ-ನ. ಸೀನೀ. ಸಾನಾ. ಬಾ. ಬರಲಿಲ್ಲ. ಇಂಥ ಜೋಡಿಗಳು ಇಪ್ಪತ್ತಮೂರು. ಎಣಿಸಬಾರದಿತ್ತು, ಎಣಿಸಿದೆ.

ಕಾಜಾ ಇದ್ದ ಪುಟದಲ್ಲಿ ನಾಲ್ಕೇ ಸಾಲು. ಪ್ರತಿ ಪದದ ಮೊದಲ ಅಕ್ಷರಕ್ಕೆ ಕಾಜಾ, ಎರಡನೆಯದಕ್ಕೆ ಬೇರೆ ಗುರುತು. ಉಸಿರಾಡುವಾಗ ಎದೆಯಲ್ಲಿ ಪಾರಿವಾಳ ಇದ್ದ ಹಾಗಿದೆ. ಅಮ್ಮ ಬಚ್ಚಲಿನಲ್ಲಿ ಅಳುತ್ತಾಳೆ. ಹೊಸ ಭಾಷೆ ಹಳೆಯದಕ್ಕಿಂತ ಚೆನ್ನಾಗಿದೆ. ಕೊನೆಯ ಸಾಲಿನಲ್ಲಿ ಎರಡು ಪದ, ಕೊನೆಗೆ ಗುಂಡಿ: ನೀನೂ ಕೂಗಿದೆಯಾ?

ಆ ಬೆಳಿಗ್ಗೆ ಬಿಸಿಲಿನಲ್ಲಿ ಅವಳಿಗೆ ನಾನು ಕಂಡಿರಲಿಲ್ಲ ಎನ್ನುವ ಹಾಗೆ ಕೇಳಿದ್ದಳು. ಖಚಿತವಿಲ್ಲದೆಯೇ ನನ್ನನ್ನು ಕರೆಯುತ್ತಿದ್ದಳು. ಕರೆದು ಬಹುಶಃ ಇದನ್ನೇ ಕೇಳಬೇಕೆಂದಿದ್ದಳು. ನಾನು ಅವಳ ಹೊಸ ಸ್ವರ ಹಾಕಿ ಉತ್ತರ ಹೇಳಿದೆ. ಗ-ಲ ಅಂದರೆ ಕೂಗುವುದು, ಅದಕ್ಕೆ ಸೂಜಿಯ ಓ: ಗೋಲೋ. ಕೂಗಿದೆ. ಅಡುಗೆಮನೆಯಲ್ಲಿ ಫ್ರಿಜ್ ಗುಂಯ್ ಎನ್ನುತ್ತಿತ್ತು. ಇನ್ನೊಂದು ಸಲ ಹೇಳಿದೆ.

ಹಗುರವಾಯಿತೇ ಎಂದು ಕೇಳಿದರೆ ಇಲ್ಲ. ಬರಬೇಡ ಅಂದಳು ಎಂಬ ಸುಳ್ಳಿನ ನೆರಳಿನಲ್ಲಿ ನಾನು ಇಷ್ಟು ವರ್ಷ ತಣ್ಣಗಿದ್ದೆ. ಈಗ ಸಂತೆಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಬೆಚ್ಚುವುದಿಲ್ಲ. ಕೂಗಿದ ದಿಕ್ಕಿಗೆ ಕಾಲು ಎರಡು ಹೆಜ್ಜೆ ಇಟ್ಟುಬಿಟ್ಟಿರುತ್ತದೆ. ಮನೆಯವರಿಗೆ ಎಲ್ಲ ಹೇಳಿದೆ. ಅವರು ಪುಸ್ತಕವನ್ನು ತಿರುವಿ ನೋಡಿ, ನೆಟ್ಟಗೆ ಜೋಡಿಸಿ, ಬೀರುವಿನಲ್ಲಿ ಪಹಣಿ ಪತ್ರಗಳ ಜೊತೆಗಲ್ಲದೆ ಬೇರೆ ಖಾನೆಯಲ್ಲಿಟ್ಟರು.

ಈಗ ಎರಡನೆಯ ಶನಿವಾರಗಳಂದು ಯಗಟಿಗೆ ಹೋಗುತ್ತೇನೆ. ಆ ಸ್ವರಗಳನ್ನು ಬಲ್ಲವರು ನಾವಿಬ್ಬರೇ, ಅದರಲ್ಲಿ ಒಬ್ಬರಿಗೆ ಅರ್ಥ ತಿಳಿಯದು. ಕಳೆದ ಸಲ ಹೋದಾಗ ಅತ್ತೆ ಕೇಳಿದರು, "ನನ್ನ ಬಗ್ಗೆ ಏನಾರ ಬರ್ದವಳೇನೇ ಅವಳು?"

ಒಂದು ಸಾಲಿತ್ತು. ಮೊದಲು ಅಕ್ಕನ ದನಿಗಳಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದೆ: "ಅತ್ತೆಯ ಬೆರಳಿಗೆ ಸೂಜಿ ಚುಚ್ಚಿತು. ನನ್ನನ್ನೇ ನೋಡುತ್ತಾ ಹೊಲಿಯುತ್ತಿದ್ದರು. ಅತ್ತೆ ಅಳಲಿಲ್ಲ."

ಅತ್ತೆ ಬೆರಳು ನೀವಿಕೊಂಡರು.

"ಅತ್ತಿದ್ದೆ ಕಣೇ," ಎಂದರು. "ಹೊರಗೋಗಿ ಅತ್ತಿದ್ದೆ. ಅವಳಿಗೆ ಹೆಂಗೆ ಗೊತ್ತಾಗ್ಬೇಕು?"